ಉಣ್ಣೆಯ ಹಣ ಕಟ್ಟಿದ ಊರುಗಳು: ಸಫೊಕ್‌ನ ಹಳ್ಳಿಗಳಿಗೆ ಒಂದು ದಿನದ ಪ್ರವಾಸ, ಒಂದು ವಿಮರ್ಶೆ

ಇಂಗ್ಲೆಂಡಿನ ಹಳೆಯ ಹಳ್ಳಿಗಳನ್ನು ಒಂದೇ ದಿನದಲ್ಲಿ ತೋರಿಸಿ ಕರೆತರುವ ಪ್ರವಾಸಗಳೆಂದರೆ ಸಾಮಾನ್ಯವಾಗಿ ಲಂಡನ್ನಿನಿಂದ ಪಶ್ಚಿಮಕ್ಕೆ, ಕಾಟ್ಸ್‌ವೋಲ್ಡ್ಸ್ ಸೀಮೆಯ ಜೇನುಬಣ್ಣದ ಕಲ್ಲುಮನೆಗಳ ಕಡೆಗೆ ಹೊರಡುವಂಥವು. ಆ ಸೀಮೆಯ ಚೆಲುವನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೇಸಿಗೆಯ ವಾರಾಂತ್ಯದಲ್ಲಿ ಅಲ್ಲಿನ ಹೆಸರಾಂತ ಹಳ್ಳಿಗಳ ಮುಂದೆ ಸಾಲುಗಟ್ಟಿ ನಿಲ್ಲುವ ದೊಡ್ಡ ಬಸ್ಸುಗಳನ್ನೂ, ಒಂದೇ ಸೇತುವೆಯ ಮೇಲೆ ಫೋಟೊಗಾಗಿ ಸರದಿ ಕಾಯುವ ಜನರನ್ನೂ ಕಂಡವರಿಗೆ ಬೇರೆ ದಿಕ್ಕಿನಲ್ಲಿ ಏನಿದೆಯೆಂದು ವಿಚಾರಿಸಬೇಕೆನಿಸುವುದು ಸಹಜ. ಈ ಬರಹ ಅಂಥ ಬೇರೆ ದಿಕ್ಕಿನ ಪ್ರವಾಸವೊಂದರ ವಿಮರ್ಶೆ. ಬೆಳಿಗ್ಗೆ ಕೇಂಬ್ರಿಡ್ಜ್‌ನಿಂದ ಹೊರಟು, ಪೂರ್ವದ ಸಫೊಕ್ ಕೌಂಟಿಯ ಲಾಂಗ್ ಮೆಲ್ಫರ್ಡ್, ಲ್ಯಾವೆನಮ್ ಮತ್ತು ಕರ್ಸಿ ಎಂಬ ಮೂರು ಊರುಗಳನ್ನು ತೋರಿಸಿ ಸಂಜೆಗೆ ಹಿಂತಿರುಗುವ ಸಣ್ಣ ವ್ಯಾನಿನ ಪ್ರವಾಸ ಇದು. ವ್ಯಾನಿನ ಚಾಲಕರೇ ಮಾರ್ಗದರ್ಶಿಯೂ ಹೌದು. ಇಂಥ ಪ್ರವಾಸ ಹೇಗಿರುತ್ತದೆ, ಹೇಗಿರಬೇಕು ಎಂಬುದೇ ಓದುಗರಿಗೆ ಮುಖ್ಯವಾದ್ದರಿಂದ ನಡೆಸುವ ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ.

ಮೊದಲೇ ಹೇಳಿಬಿಡುವುದಾದರೆ, ಕೊಟ್ಟ ಹಣಕ್ಕೆ ಮೋಸವಿಲ್ಲದ ಪ್ರವಾಸ ಇದು. ಆದರೆ ಸಮಯದ ಹಂಚಿಕೆಯಲ್ಲಿ ಎದ್ದುಕಾಣುವ ದೋಷವಿದೆ, ಅದನ್ನು ಮುಂದೆ ವಿವರಿಸುತ್ತೇನೆ. ಮೂರು ಊರುಗಳನ್ನು ಒಂದೇ ವ್ಯಾಪಾರದ ಏಳುಬೀಳಿನ ಕಥೆಯಾಗಿ ಕಾಣಲು ಕಲಿಸುವುದು ಈ ಪ್ರವಾಸದ ದೊಡ್ಡ ಗುಣ. 15ನೆಯ ಶತಮಾನದ ಕೊನೆಯಲ್ಲೂ 16ನೆಯ ಶತಮಾನದ ಆರಂಭದಲ್ಲೂ ಸಫೊಕ್‌ನ ಈ ಭಾಗ ಉಣ್ಣೆಬಟ್ಟೆಯ ವ್ಯಾಪಾರದಿಂದ ತುಂಬಿ ತುಳುಕುತ್ತಿತ್ತು. 1524ರ ತೆರಿಗೆಯ ಲೆಕ್ಕದಲ್ಲಿ ಲ್ಯಾವೆನಮ್ ಇಡೀ ಇಂಗ್ಲೆಂಡಿನಲ್ಲಿ 14ನೆಯ ಶ್ರೀಮಂತ ಊರಾಗಿದ್ದು, ಯಾರ್ಕ್ ಮತ್ತು ಲಿಂಕನ್‌ನಂಥ ನಗರಗಳಿಗಿಂತ ಹೆಚ್ಚು ತೆರಿಗೆ ಕಟ್ಟಿತ್ತು. ಅದಾದ ಕೆಲವು ದಶಕಗಳಲ್ಲಿ ನಿರಾಶ್ರಿತರಾಗಿ ಬಂದ ಡಚ್ ಮತ್ತು ಫ್ಲೆಮಿಶ್ ನೇಕಾರರು ಕೋಲ್ಚೆಸ್ಟರ್, ನಾರಿಚ್ ಮುಂತಾದೆಡೆ ಹಗುರವಾದ, ಅಗ್ಗದ ಬಟ್ಟೆಯನ್ನು ನೇಯತೊಡಗಿದರು; ಲ್ಯಾವೆನಮ್‌ನ ದಪ್ಪ ನೀಲಿ ಬಟ್ಟೆಯನ್ನು ಕೇಳುವವರು ಕಡಿಮೆಯಾದರು. ಹಳೆಯ ಮನೆ ಕೆಡವಿ ಹೊಸ ಮಾದರಿಯಲ್ಲಿ ಕಟ್ಟಿಸುವಷ್ಟು ಹಣ ಊರಿನವರ ಕೈಯಲ್ಲಿ ಉಳಿಯಲಿಲ್ಲ, ಹಾಗಾಗಿ ಹಳೆಯ ಮನೆಗಳೇ ಉಳಿದವು. ನಾವು ಇಂದು ಹಣ ಕೊಟ್ಟು ನೋಡಲು ಹೋಗುವ ಚೆಲುವು ಬಹುಮಟ್ಟಿಗೆ ಆ ಬಡತನದ ಫಲ. ಮಾರ್ಗದರ್ಶಿಗಳು ವ್ಯಾನು ಊರು ಬಿಟ್ಟು ಹೊಲಗಳ ನಡುವೆ ಸಾಗುವಾಗಲೇ ಇದನ್ನು ಸ್ಪಷ್ಟವಾಗಿ ಹೇಳಿದ್ದರಿಂದ, ಮುಂದೆ ಕಂಡ ಪ್ರತಿಯೊಂದು ಸೊಟ್ಟ ಗೋಡೆಗೂ ಅರ್ಥ ಬಂತು.

ವ್ಯಾನು ಸ್ವಚ್ಛವಾಗಿತ್ತು, ಕಿಟಕಿಗಳು ದೊಡ್ಡದಾಗಿದ್ದವು, ಹಿಂದಿನ ಸಾಲಿನವರೆಗೂ ಮಾತು ಕೇಳುವಂತೆ ಮೈಕ್ ಇತ್ತು. ಕೇಂಬ್ರಿಡ್ಜ್‌ನಿಂದ ಒಂದು ಗಂಟೆಯ ಆಸುಪಾಸಿನ ದಾರಿ. ಅದರ ಕೊನೆಯ ಭಾಗ ಎರಡು ಕಡೆಯೂ ಬೇಲಿಗಿಡಗಳು ಒತ್ತಿ ನಿಂತ ಕಿರಿದಾದ ರಸ್ತೆ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಲೇಬೇಕು. ದೊಡ್ಡ ಬಸ್ಸಿನಲ್ಲಿ ಬರುವವರಿಗೆ ಕರ್ಸಿಯಂಥ ಊರು ಸುಲಭಕ್ಕೆ ದಕ್ಕದಿರುವುದಕ್ಕೆ ಈ ರಸ್ತೆಗಳೇ ಕಾರಣವಿರಬೇಕು. ಇಷ್ಟೊಂದು ಮರದ ಮನೆಗಳು ಇಲ್ಲೇ ಏಕೆ ಎಂಬ ಪ್ರಶ್ನೆಗೂ ದಾರಿಯಲ್ಲೇ ಉತ್ತರ ಸಿಕ್ಕಿತು. ಸಫೊಕ್‌ನಲ್ಲಿ ಕಟ್ಟಡಕ್ಕೆ ಒದಗುವ ಒಳ್ಳೆಯ ಕಲ್ಲಿಲ್ಲ; ನೆಲದಲ್ಲಿ ಸಿಗುವುದು ಜೇಡಿಮಣ್ಣು ಮತ್ತು ಚಕಮಕಿ ಕಲ್ಲು. ಆದ್ದರಿಂದ ಮನೆಗಳಿಗೆ ಓಕ್ ಮರ, ಮಣ್ಣು, ಸುಣ್ಣ. ಚರ್ಚುಗಳಿಗೆ ಚಕಮಕಿ ಕಲ್ಲು. ಮೂಲೆಗೂ ಕಿಟಕಿಯ ಚೌಕಟ್ಟಿಗೂ ಮಾತ್ರ ಬೇರೆ ಸೀಮೆಯಿಂದ ತರಿಸಿದ ಕೆತ್ತನೆಯ ಕಲ್ಲು.

ಲಾಂಗ್ ಮೆಲ್ಫರ್ಡ್ ಹೆಸರಿಗೆ ತಕ್ಕಂತೆ ಉದ್ದನೆಯ ಊರು. ಒಂದೇ ಬೀದಿ, ಆ ಬೀದಿಯ ಎರಡು ಬದಿಗೂ ಬೇರೆಬೇರೆ ಕಾಲದ ಮನೆಗಳು, ಹಳೆಯ ವಸ್ತುಗಳ ಅಂಗಡಿಗಳು, ಬೀದಿ ಮುಗಿಯುವಲ್ಲಿ ವಿಶಾಲವಾದ ಹುಲ್ಲುಬಯಲು, ಅದರ ತುದಿಯ ದಿಬ್ಬದ ಮೇಲೆ ಹೋಲಿ ಟ್ರಿನಿಟಿ ಚರ್ಚು. ಹಳ್ಳಿಯೊಂದಕ್ಕೆ ಇಷ್ಟು ದೊಡ್ಡ ಚರ್ಚು ಏಕೆ ಎಂದು ಮೊದಲ ನೋಟಕ್ಕೇ ಅನಿಸುತ್ತದೆ. 15ನೆಯ ಶತಮಾನದ ಉತ್ತರಾರ್ಧದಲ್ಲಿ ಇದನ್ನು ಪುನಃ ಕಟ್ಟಿಸಿದವರಲ್ಲಿ ಮುಖ್ಯನಾದವನು ಜಾನ್ ಕ್ಲಾಪ್ಟನ್. ಇವನು ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಎರಡು ರಾಜಮನೆತನಗಳು ಕಾದಾಡಿದ ಗುಲಾಬಿ ಯುದ್ಧಗಳ ಕಾಲದಲ್ಲಿ, ಆಗ ಸೋತಿದ್ದ ಪಕ್ಷಕ್ಕೆ ಸೇರಿದವನು. 1462ರಲ್ಲಿ ಆಕ್ಸ್‌ಫರ್ಡಿನ 12ನೆಯ ಅರ್ಲ್ (ಕುಲೀನರ ಒಂದು ಪದವಿ) ಜಾನ್ ಡಿ ವೇರ್‌ನ ಜೊತೆ ಬಂಧಿತನಾದ. ಅರ್ಲ್‌ನ ತಲೆ ಹೋಯಿತು, ಕ್ಲಾಪ್ಟನ್ ಹೇಗೋ ಬದುಕಿ ಊರಿಗೆ ಮರಳಿದ. ಸಾವಿನ ಬಾಯಿಂದ ತಪ್ಪಿಸಿಕೊಂಡವನೊಬ್ಬ ದೇವರ ಮನೆಗೆ ಹಣ ಸುರಿದದ್ದರಲ್ಲಿ ಆಶ್ಚರ್ಯವಿಲ್ಲ ಎಂಬುದು ಮಾರ್ಗದರ್ಶಿಗಳ ಅಭಿಪ್ರಾಯ, ಒಪ್ಪುವಂಥದ್ದೇ.

ಚರ್ಚಿನ ಹೊರಗೋಡೆಯನ್ನು ಮೊದಲು ನೋಡಬೇಕು. ಚಕಮಕಿ ಕಲ್ಲನ್ನು ಒಡೆದು, ಅದರ ಹೊಳೆಯುವ ಕಪ್ಪು ಮುಖವನ್ನು ಬಿಳಿಯ ಕಲ್ಲಿನ ನಡುವೆ ಸಮತಟ್ಟಾಗಿ ಕೂರಿಸಿ ಅಕ್ಷರಗಳನ್ನು ಮೂಡಿಸಿದ್ದಾರೆ. ಯಾರು ಯಾರ ಹಣದಿಂದ ಯಾವ ಭಾಗ ಕಟ್ಟಿಸಿದ್ದು, ಯಾರ ಆತ್ಮಕ್ಕಾಗಿ ಪ್ರಾರ್ಥಿಸಬೇಕು ಎಂಬ ವಿವರ ಗೋಡೆಯುದ್ದಕ್ಕೂ ಓಡುತ್ತದೆ. ಒಳಗೆ ಮಧ್ಯಯುಗದ ಬಣ್ಣದ ಗಾಜಿನ ದೊಡ್ಡ ಸಂಗ್ರಹವಿದೆ. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ಚರ್ಚು ಪೋಪನಿಂದ ಬೇರ್ಪಟ್ಟ ಧರ್ಮಸುಧಾರಣೆಯ ಕಾಲದಲ್ಲೂ ಆಮೇಲಿನ ಅಂತರ್ಯುದ್ಧದ ಕಾಲದಲ್ಲೂ ಇಂಗ್ಲೆಂಡಿನ ಚರ್ಚುಗಳ ಗಾಜುಗಳನ್ನು ಎಷ್ಟು ಆಸ್ಥೆಯಿಂದ ಒಡೆದರೆಂಬುದನ್ನು ಬಲ್ಲವರಿಗೆ, ಕ್ಲಾಪ್ಟನ್ನನ ಬಂಧುಬಳಗದ ಗಂಡಸರೂ ಹೆಂಗಸರೂ ಮನೆತನದ ಲಾಂಛನಗಳನ್ನು ಹೊದ್ದು ಮಂಡಿಯೂರಿ ಕುಳಿತ ಈ ಗಾಜುಚಿತ್ರಗಳು ಉಳಿದದ್ದೇ ಸೋಜಿಗ. ಉತ್ತರದ ಬಾಗಿಲ ಮೇಲಿನ ಕಿಟಕಿಯಲ್ಲಿ ಮೂರು ಮೊಲಗಳ ಪುಟ್ಟ ವೃತ್ತವೊಂದಿದೆ. ಮೊಲಗಳು ಮೂರು, ಕಿವಿಗಳೂ ಒಟ್ಟು ಮೂರೇ. ಆದರೂ ಪ್ರತಿ ಮೊಲಕ್ಕೂ ಎರಡೆರಡು ಕಿವಿ ಕಾಣುವಂತೆ ಕಿವಿಗಳನ್ನು ಹಂಚಿಕೊಂಡಿವೆ. ತೋರಿಸುವವರಿಲ್ಲದಿದ್ದರೆ ಇದು ಕಣ್ಣಿಗೆ ಬೀಳುವುದು ಕಷ್ಟ.

ಚರ್ಚಿನ ಪೂರ್ವದ ತುದಿಗೆ ಅಂಟಿಕೊಂಡಂತೆ, ಆದರೆ ಪ್ರತ್ಯೇಕವಾಗಿ, ಲೇಡಿ ಚಾಪೆಲ್ ಇದೆ. ಮಾತೆ ಮೇರಿಗೆಂದು ಕಟ್ಟಿಸಿದ ಈ ಗುಡಿ ಧರ್ಮಸುಧಾರಣೆಯ ನಂತರ ಪೂಜೆಯ ಉದ್ದೇಶ ಕಳೆದುಕೊಂಡು, ಮುಂದೆ ಬಹುಕಾಲ ಊರಿನ ಮಕ್ಕಳ ಶಾಲೆಯಾಗಿತ್ತು. ಅದರ ಗೋಡೆಯ ಮೇಲೆ ಬರೆದ ಮಗ್ಗಿಯ ಕೋಷ್ಟಕ ಇಂದಿಗೂ ಇದೆ. ನನ್ನ ಮಟ್ಟಿಗೆ ಇಡೀ ದಿನದಲ್ಲಿ ಕಂಡ ಅತ್ಯುತ್ತಮ ವಸ್ತು ಆ ಮಗ್ಗಿ. ಕೆತ್ತನೆಯ ಮರದ ಚಾವಣಿಯ ಕೆಳಗೆ, ಸಂತರ ಪ್ರತಿಮೆಗಳು ಇದ್ದಿರಬಹುದಾದ ಗೂಡುಗಳ ಪಕ್ಕದಲ್ಲಿ, ಲೆಕ್ಕ ಕಲಿಯಲು ಬಂದ ಮಕ್ಕಳನ್ನು ಊಹಿಸಿಕೊಂಡರೆ ಮೂರು ಶತಮಾನಗಳ ಧಾರ್ಮಿಕ ಇತಿಹಾಸ ಯಾವ ಉಪನ್ಯಾಸವೂ ಇಲ್ಲದೆ ಅರ್ಥವಾಗುತ್ತದೆ. ಅಂದಹಾಗೆ, ಚರ್ಚಿನ ಗೋಪುರವನ್ನು ಮಾತ್ರ ಮಧ್ಯಯುಗದ್ದೆಂದು ತಿಳಿಯಬಾರದು. ಹಳೆಯ ಗೋಪುರ 18ನೆಯ ಶತಮಾನದ ಆರಂಭದಲ್ಲಿ ಸಿಡಿಲಿಗೆ ಹಾಳಾಯಿತು. ಈಗಿರುವುದು ವಾಸ್ತುಶಿಲ್ಪಿ ಬೋಡ್ಲಿ ರೂಪಿಸಿದ, 1903ರಲ್ಲಿ ಮುಗಿದ ಕೆಲಸ.

ಪ್ರವಾಸದ ದೋಷ ಕಾಣಿಸಿದ್ದು ಇಲ್ಲೇ. ಇಷ್ಟು ಸಂಪತ್ತಿರುವ ಚರ್ಚಿಗೆ ಕೊಟ್ಟ ಸಮಯ ಮುಕ್ಕಾಲು ಗಂಟೆಯೂ ಆಗಲಿಲ್ಲ. ಅದೇ ಬೀದಿಯ ಹಳೆಯ ವಸ್ತುಗಳ ಅಂಗಡಿಗಳನ್ನು ಸುತ್ತಲು ಅದಕ್ಕಿಂತ ಹೆಚ್ಚು ಸಮಯ ಬಿಟ್ಟರು. ಅಂಗಡಿ ಸುತ್ತುವ ಆಸೆಯುಳ್ಳ ಪ್ರಯಾಣಿಕರೂ ಇರುತ್ತಾರೆ, ಅವರನ್ನು ದೂರುವಂತಿಲ್ಲ. ಆದರೆ ಮಧ್ಯಯುಗದ ಹಳ್ಳಿಗಳೆಂದು ಜಾಹೀರಾತು ಕೊಟ್ಟು ಕರೆದೊಯ್ದ ಮೇಲೆ, ಕ್ಲಾಪ್ಟನ್ನನ ಸಮಾಧಿಯ ಪಕ್ಕದ ಪುಟ್ಟ ಪ್ರಾರ್ಥನಾ ಕೋಣೆಯಲ್ಲಿ ಜಾನ್ ಲಿಡ್ಗೇಟ್ ಎಂಬ ಸಂನ್ಯಾಸಿ ಕವಿಯ ಪದ್ಯಗಳನ್ನು ಚಾವಣಿಯಂಚಿನ ಸುತ್ತ ಬರೆಸಿರುವುದನ್ನು ಬಾಗಿಲಲ್ಲೇ ನಿಂತು ಇಣುಕಿ ಹೊರಡಬೇಕಾಗಿ ಬಂದದ್ದು ಸರಿಯೆನಿಸಲಿಲ್ಲ. ಚರ್ಚಿಗೆ ಒಂದೂಕಾಲು ಗಂಟೆ, ಅಂಗಡಿಗಳಿಗೆ ಅರ್ಧ ಗಂಟೆ ಎಂದು ಅದಲುಬದಲು ಮಾಡಿದರೆ ಯಾರಿಗೂ ನಷ್ಟವಾಗದು.

ಲಾಂಗ್ ಮೆಲ್ಫರ್ಡ್‌ನಿಂದ ಲ್ಯಾವೆನಮ್‌ಗೆ ಕೆಲವೇ ಮೈಲಿ. ಇಲ್ಲಿ ಪ್ರವಾಸ ತನ್ನ ಪೂರ್ಣ ಯೋಗ್ಯತೆಗೆ ಏರುತ್ತದೆ, ಸಮಯವೂ ಸಾಕಷ್ಟಿದೆ. ನಿಷ್ಠುರವಾಗಿ ನೋಡಿದರೆ ಲ್ಯಾವೆನಮನ್ನು ಮಧ್ಯಯುಗದ ಹಳ್ಳಿ ಎನ್ನುವುದು ಎರಡು ಲೆಕ್ಕದಲ್ಲೂ ತಪ್ಪು. 1257ರಲ್ಲೇ ಸಂತೆಯ ಹಕ್ಕು ಪಡೆದ ಇದು ತನ್ನ ಕಾಲಕ್ಕೆ ಪೇಟೆಯೇ ಆಗಿತ್ತು. ಇಂದು ನೋಡಲು ಹೋಗುವ ಹೆಸರಾಂತ ಕಟ್ಟಡಗಳಲ್ಲಿ ಕೆಲವು ಮಧ್ಯಯುಗದ ನಂತರದ, ಇತಿಹಾಸಕಾರರು ಟ್ಯೂಡರ್ ಎಂದು ಕರೆಯುವ ಕಾಲದವು. ಹಾಗೆಂದು ಯಾರೂ ಜಾಹೀರಾತಿನ ಮೇಲೆ ದಾವೆ ಹೂಡಬೇಕಿಲ್ಲ. ಬೀದಿಗಳ ವಿನ್ಯಾಸ ಮಧ್ಯಯುಗದ್ದು, ಮನೆ ಕಟ್ಟುವ ಕೌಶಲ ಮಧ್ಯಯುಗದ್ದು, ಕಟ್ಟಿಸಿದ ಹಣದ ಮೂಲವೂ ಮಧ್ಯಯುಗದ ವ್ಯಾಪಾರವೇ.

ಮನೆಗಳನ್ನು ಓದುವ ಪಾಠ ನಡೆದದ್ದು ಬೀದಿಯಲ್ಲಿ ನಿಂತು. ಓಕ್ ಮರವನ್ನು ಹಸಿಯಾಗಿರುವಾಗಲೇ ಕೊಯ್ದು, ಬಡಗಿಯ ಅಂಗಳದಲ್ಲಿ ನೆಲದ ಮೇಲೆ ಚೌಕಟ್ಟು ಜೋಡಿಸಿ ನೋಡಿ, ಪ್ರತಿ ಸಂದಿಗೂ ಗುರುತು ಕೊರೆದು, ಬಿಚ್ಚಿ ಸಾಗಿಸಿ, ನಿವೇಶನದಲ್ಲಿ ಮತ್ತೆ ನಿಲ್ಲಿಸಿ ಮರದ ಗೂಟಗಳಿಂದ ಬಿಗಿಯುತ್ತಿದ್ದರು. ಕಂಬಗಳ ನಡುವಣ ಅಂಕಣಗಳಲ್ಲಿ ಕಡ್ಡಿಯ ತಡಿಕೆ ಹೆಣೆದು, ಒಣಹುಲ್ಲು ಕಲಸಿದ ಜೇಡಿಮಣ್ಣನ್ನು ಎರಡೂ ಕಡೆಯಿಂದ ಮೆತ್ತಿ, ಮೇಲೆ ಸುಣ್ಣ ಬಳಿದರೆ ಗೋಡೆ ಸಿದ್ಧ. ಹಸಿ ಮರ ವರ್ಷಗಟ್ಟಲೆ ಒಣಗುತ್ತ ಸೆಟೆದುಕೊಂಡಿದ್ದರಿಂದಲೇ ಈ ಮನೆಗಳು ಹೀಗೆ ವಾಲಿ, ಬಾಗಿ, ಒಂದರ ಹೆಗಲಿಗೆ ಒಂದು ಆತು ನಿಂತಿವೆ. ಮೇಲಂತಸ್ತು ಕೆಳಗಿನದಕ್ಕಿಂತ ಮುಂದೆ ಚಾಚಿಕೊಂಡಿರುವುದರಲ್ಲಿ ಜಾಗದ ಲಾಭವೂ ಇದೆ, ಪ್ರತಿಷ್ಠೆಯೂ ಇದೆ. ಪ್ರತಿಷ್ಠೆಯ ಇನ್ನೊಂದು ಗುರುತೆಂದರೆ ಮುಂಗೋಡೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಮರದ ಪಟ್ಟಿಗಳು. ಗೋಡೆ ನಿಲ್ಲಲು ಅಷ್ಟು ಮರ ಬೇಕಾಗಿಲ್ಲ. ಅಷ್ಟು ಮರವನ್ನು ದಂಡ ಮಾಡುವ ಶಕ್ತಿ ನನಗಿದೆ ಎಂದು ವ್ಯಾಪಾರಿಯೊಬ್ಬ ಬೀದಿಗೆ ಸಾರುವ ಬಗೆ ಅದು. ಬೀದಿಗೆ ಕಾಣುವ ಗೋಡೆಯಲ್ಲಿ ಪಟ್ಟಿಗಳು ದಟ್ಟವಾಗಿದ್ದು ಹಿಂಬದಿಯಲ್ಲಿ ವಿರಳವಾಗಿರುವ ಮನೆಯನ್ನು ತೋರಿಸಿದಾಗ ಗುಂಪಿನಲ್ಲಿದ್ದವರೆಲ್ಲ ನಕ್ಕರು.

ಬಣ್ಣದ ವಿಷಯದಲ್ಲೂ ಒಂದು ತಿದ್ದುಪಡಿ ಸಿಕ್ಕಿತು. ಕಪ್ಪು ಮರ, ಬಿಳಿ ಗೋಡೆ ಎಂಬ ಜೋಡಿಯನ್ನು ಹಳೆಯ ಇಂಗ್ಲೆಂಡಿನ ಗುರುತೆಂದು ನಾವು ಭಾವಿಸುತ್ತೇವೆ. ಮರಕ್ಕೆ ಕಪ್ಪು ಬಳಿಯುವುದು ಹೆಚ್ಚಾಗಿ ವಿಕ್ಟೋರಿಯನ್ ಕಾಲದ ಖಯಾಲಿ. ಈ ಸೀಮೆಯಲ್ಲಿ ಓಕ್ ಮರವನ್ನು ಹಾಗೇ ಬಿಟ್ಟು ಬೂದಿಬೆಳ್ಳಿಯ ಬಣ್ಣಕ್ಕೆ ತಿರುಗಲು ಬಿಡುತ್ತಿದ್ದರು, ಇಲ್ಲವೆ ಮರ ಗೋಡೆಗಳೆರಡರ ಮೇಲೂ ಬಣ್ಣದ ಸುಣ್ಣ ಎಳೆದುಬಿಡುತ್ತಿದ್ದರು. ಲ್ಯಾವೆನಮ್‌ನ ಬೀದಿಗಳಲ್ಲಿ ಕಾಣುವ ತಿಳಿಗುಲಾಬಿ, ಕಾವಿ, ಕೆನೆಹಳದಿ ಗೋಡೆಗಳು ಆ ರೂಢಿಗೆ ಸೇರಿದವು.

ಗಿಲ್ಡ್ ಹಾಲ್ ಊರಿನ ಸಂತೆಮಾಳದ ಒಂದು ಬದಿಯನ್ನೇ ಆಕ್ರಮಿಸಿಕೊಂಡಿದೆ. ಕಾರ್ಪಸ್ ಕ್ರಿಸ್ಟಿ ಎಂಬ ಧಾರ್ಮಿಕ ಸಂಘದವರು ಇದನ್ನು ಕಟ್ಟಿಸಿದ್ದು 1530ರ ಹೊತ್ತಿಗೆ. ಅಂದರೆ ಊರಿನ ವೈಭವ ಇಳಿಮುಖವಾಗುವ ಹೊಸ್ತಿಲಲ್ಲಿ. 1547ರಲ್ಲಿ ಇಂಥ ಸಂಘಗಳನ್ನೇ ಸರ್ಕಾರ ರದ್ದುಮಾಡಿತು. ಆಮೇಲೆ ಈ ಕಟ್ಟಡ ಸೆರೆಮನೆಯಾಯಿತು, ದಿಕ್ಕಿಲ್ಲದವರನ್ನು ದುಡಿಸಿಕೊಳ್ಳುವ ಆಶ್ರಯಮನೆಯಾಯಿತು, ಉಣ್ಣೆಯ ಗೋದಾಮೂ ಆಯಿತು. ಈಗ ಹಳೆಯ ಕಟ್ಟಡಗಳನ್ನು ಸಂರಕ್ಷಿಸುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಇದನ್ನು ನೋಡಿಕೊಳ್ಳುತ್ತಿದ್ದು, ಒಳಗೆ ಬಟ್ಟೆಯ ವ್ಯಾಪಾರದ ಕಥೆಯನ್ನೂ ಸೆರೆಯಾಳುಗಳ ಮತ್ತು ಬಡವರ ಕಥೆಯನ್ನೂ ಸಮನಾಗಿ ಹೇಳುವ ವಸ್ತುಸಂಗ್ರಹಾಲಯವಿದೆ. ಒಳಗೆ ಹೋಗುವ ಟಿಕೆಟ್ ಪ್ರವಾಸದ ಶುಲ್ಕದಲ್ಲಿ ಸೇರಿಲ್ಲ. ಟ್ರಸ್ಟಿನ ಸದಸ್ಯರಿಗೆ ಉಚಿತ. ಹೊರಗಿನಿಂದ ಫೋಟೊ ತೆಗೆದು ಮುಂದೆ ಹೋಗುವವರು ಹಲವರಿದ್ದರು, ಅವರಿಗೆ ಒಳಗೆ ಹೋಗಿಬನ್ನಿ ಎಂದೇ ಹೇಳುತ್ತೇನೆ. ನೆಲದ ಹಲಗೆಗಳು ಎಷ್ಟು ಇಳಿಜಾರಾಗಿವೆಯೆಂದರೆ ಕೋಣೆಯ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುವಾಗ ಕಾಲಿಗೇ ಕಟ್ಟಡದ ವಯಸ್ಸು ತಿಳಿಯುತ್ತದೆ.

ಲ್ಯಾವೆನಮ್‌ನ ನೀಲಿ ಬಟ್ಟೆಯ ಗುಟ್ಟು ಅದರ ಬಣ್ಣ ಅದ್ದುವ ಕ್ರಮದಲ್ಲಿತ್ತು. ನೇಯ್ದ ಬಟ್ಟೆಗೆ ಬಣ್ಣ ಹಾಕುವ ಬದಲು, ನೂಲುವ ಮೊದಲೇ ಉಣ್ಣೆಯನ್ನು ವೋಡ್ ಎಂಬ ಗಿಡದ ಎಲೆಗಳಿಂದ ತೆಗೆದ ನೀಲಿಯಲ್ಲಿ ಅದ್ದುತ್ತಿದ್ದರು, ಇದರಿಂದ ಬಣ್ಣ ಗಟ್ಟಿಯಾಗಿ ನಿಲ್ಲುತ್ತಿತ್ತು. ವೋಡ್ ಎಲೆಯನ್ನು ಕೊಳೆಸಿ ಹುದುಗಿಸುವಾಗ ಏಳುವ ದುರ್ನಾತ ಸಹಿಸಲಸಾಧ್ಯವಾದುದು. ಇಂದು ಹೂಬುಟ್ಟಿ ತೂಗುಹಾಕಿದ ವಾಟರ್ ಸ್ಟ್ರೀಟ್‌ನಲ್ಲಿ ನಿಂತು, ಈ ಬೀದಿಯ ಕೆಳಗೆ ಸುಮಾರು 1500ರಲ್ಲಿ ಇಟ್ಟಿಗೆಯಿಂದ ಕಟ್ಟಿದ ಕಾಲುವೆಯಲ್ಲಿ ಈಗಲೂ ನೀರು ಹರಿಯುತ್ತಿದೆ, ಒಂದು ಕಾಲಕ್ಕೆ ಇಲ್ಲೆಲ್ಲ ನೀಲಿ ಕೊಳಚೆಯೂ ಗಬ್ಬುವಾಸನೆಯೂ ತುಂಬಿದ್ದವು ಎಂದು ಮಾರ್ಗದರ್ಶಿಗಳು ಹೇಳಿದ್ದು ಬಹಳ ಒಳ್ಳೆಯ ಕೆಲಸ. ಇಂಥ ಊರುಗಳನ್ನು ಕೇಕಿನ ಡಬ್ಬಿಯ ಮೇಲಿನ ಚಿತ್ರದಂತೆ ತೋರಿಸಿ ಮುಗಿಸುವ ಪ್ರವಾಸಗಳೇ ಹೆಚ್ಚು. ಇದು ಕಾರ್ಖಾನೆಯ ಊರಾಗಿತ್ತು ಎಂದು ನೆನಪಿಸಿದವರು ಇವರು.

ಕಾರ್ಮಿಕರ ಮಾತು ಬಂದದ್ದರಿಂದ 1525ರ ಘಟನೆಯನ್ನು ಹೇಳಲೇಬೇಕು. ಎಂಟನೆಯ ಹೆನ್ರಿಯ ಫ್ರಾನ್ಸ್ ಯುದ್ಧಕ್ಕೆಂದು ಅವನ ಮಂತ್ರಿ ಕಾರ್ಡಿನಲ್ ವುಲ್ಸಿ, ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ, ‘ಸ್ನೇಹದ ಕಾಣಿಕೆ’ ಎಂಬ ನಯವಾದ ಹೆಸರಿನಲ್ಲಿ ಜನರ ಆಸ್ತಿಯ ಆರನೆಯ ಒಂದು ಭಾಗದವರೆಗೆ ಕೇಳಿದ. ಬಟ್ಟೆಯ ವ್ಯಾಪಾರಿಗಳು ಇಷ್ಟು ಕೊಟ್ಟ ಮೇಲೆ ಕೂಲಿ ಕೊಡಲು ಹಣವಿಲ್ಲವೆಂದು ಕೆಲಸಗಾರರನ್ನು ಬಿಡಿಸಿದರು; ನೇಕಾರರು, ನೂಲುವವರು, ಬಣ್ಣಗಾರರು ಸುತ್ತಲ ಊರುಗಳಿಂದ ಬಂದು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಲ್ಯಾವೆನಮ್‌ನಲ್ಲಿ ಸೇರಿದರು. ಅವರನ್ನು ಎದುರಿಸಲು ಬಂದು ನಿಮ್ಮ ನಾಯಕ ಯಾರೆಂದು ಕೇಳಿದ ನಾರ್ಫೋಕ್‌ನ ಡ್ಯೂಕನಿಗೆ, ನಮ್ಮ ನಾಯಕನ ಹೆಸರು ಬಡತನ, ಅವನೂ ಅವನ ದಾಯಾದಿಯಾದ ಅಗತ್ಯವೂ ಸೇರಿ ನಮ್ಮನ್ನು ಇಲ್ಲಿಗೆ ತಂದರು ಎಂಬ ಅರ್ಥದ ಉತ್ತರ ಬಂತೆಂದು ಅಂದಿನ ಇತಿಹಾಸ ಬರಹದಲ್ಲಿ ದಾಖಲಾಗಿದೆ. ಹೆನ್ರಿ ಆ ಕಾಣಿಕೆಯ ಬೇಡಿಕೆಯನ್ನೇ ಕೈಬಿಡಬೇಕಾಯಿತು. ಈ ಕಥೆಯನ್ನು ಸಂತೆಮಾಳದಲ್ಲಿ ನಿಂತು ಕೇಳುವುದಕ್ಕೂ ಮನೆಯಲ್ಲಿ ಓದುವುದಕ್ಕೂ ವ್ಯತ್ಯಾಸವಿದೆ. ಸಂತೆಮಾಳದ ತುಂಬ ಕಾರುಗಳು ನಿಂತಿರುವುದು ಮಾತ್ರ ರಸಭಂಗ. 1960ರ ದಶಕದಲ್ಲಿ ತಂತಿಕಂಬಗಳನ್ನೆಲ್ಲ ಕಿತ್ತು ಕೇಬಲ್ಲುಗಳನ್ನು ನೆಲದೊಳಗೆ ಹುದುಗಿಸಿದಷ್ಟು ಮುತುವರ್ಜಿಯ ಊರು, ಕಾರುಗಳ ಮುಂದೆ ಮಾತ್ರ ಕೈಚೆಲ್ಲಿದಂತಿದೆ.

ಊರಿನ ದಕ್ಷಿಣದ ತುದಿಯಲ್ಲಿರುವ ಚರ್ಚಿನ ಗೋಪುರ 141 ಅಡಿ, ಅಂದರೆ 43 ಮೀಟರ್ ಎತ್ತರ. ಲಾಂಗ್ ಮೆಲ್ಫರ್ಡ್‌ನ ಕಥೆಯಲ್ಲಿ ತಲೆ ಕಳೆದುಕೊಂಡ ಅರ್ಲ್‌ನ ಮಗ, 13ನೆಯ ಅರ್ಲ್, 1485ರ ಬಾಸ್ವರ್ತ್ ಕದನದಲ್ಲಿ ಏಳನೆಯ ಹೆನ್ರಿಯ ಪರ ಹೋರಾಡಿ ಗೆದ್ದ ಮೇಲೆ ಈ ಚರ್ಚನ್ನು ಹೊಸದಾಗಿ ಕಟ್ಟಿಸುವ ಕೆಲಸ ಶುರುವಾಯಿತು. ಅವನ ಮನೆತನದ ನಕ್ಷತ್ರ ಮತ್ತು ಹಂದಿ ಕಲ್ಲಿನಲ್ಲಿ ಕಾಣುತ್ತವೆ; ಜೊತೆಗೆ, ಗೋಪುರ ಪೂರ್ತಿಯಾಗಲೆಂದು ಉಯಿಲಿನಲ್ಲಿ 200 ಪೌಂಡ್ ಬಿಟ್ಟು 1523ರಲ್ಲಿ ತೀರಿಕೊಂಡ ಬಟ್ಟೆಯ ವ್ಯಾಪಾರಿ ಥಾಮಸ್ ಸ್ಪ್ರಿಂಗ್‌ನ ಮನೆತನದ ಲಾಂಛನವೂ ಇದೆ. ಹಳೆಯ ಕುಲೀನರೂ ಹೊಸ ಹಣವಂತರೂ ಒಂದೇ ಗೋಪುರದ ಮೇಲೆ ತಂತಮ್ಮ ಗುರುತು ಒತ್ತಿಕೊಂಡಿರುವುದನ್ನು ಬೆಳಿಗ್ಗೆಯ ಕಥೆಯ ಮುಂದುವರಿಕೆಯಾಗಿ ತೋರಿಸಿದ ಜಾಣ್ಮೆಗೆ ಮೆಚ್ಚುಗೆ ಸಲ್ಲಬೇಕು. ಸ್ಪ್ರಿಂಗ್‌ನ ಸಮಾಧಿಯ ಸುತ್ತಲಿನ ಮರದ ಕೆತ್ತನೆಯ ಜಾಲರಿಯನ್ನು ಹತ್ತಿರದಿಂದ ನೋಡಿ.

ಊಟ ಪ್ರವಾಸಿಗರ ಸ್ವಂತ ಖರ್ಚು. ಲ್ಯಾವೆನಮ್‌ನಲ್ಲಿ ಟೀ ಅಂಗಡಿಗಳಿಗೂ ಪಬ್‌ಗಳಿಗೂ ಬರವಿಲ್ಲ. ಸಸ್ಯಾಹಾರಿಗಳಿಗೆ ಸೂಪು, ಬೇಯಿಸಿದ ಆಲೂಗಡ್ಡೆ, ಚೀಸ್ ಸ್ಯಾಂಡ್‌ವಿಚ್ ಸಿಗುತ್ತವೆ. ಭಾನುವಾರದ ಮಧ್ಯಾಹ್ನ ಮಾತ್ರ ಪಬ್‌ಗಳಲ್ಲಿ ಹುರಿದ ಮಾಂಸದ ಊಟಕ್ಕೆ ಮೊದಲೇ ಜಾಗ ಕಾದಿರಿಸಿಕೊಂಡವರ ಗದ್ದಲ. ಎರಡನೆಯ ಮಹಾಯುದ್ಧದಲ್ಲಿ ಹತ್ತಿರದ ವಿಮಾನನೆಲೆಯಲ್ಲಿದ್ದ ಅಮೆರಿಕನ್ ವಾಯುಸೈನಿಕರು ಸ್ವಾನ್ ಹೋಟೆಲಿನ ಬಾರಿನ ಗೋಡೆಯ ಮೇಲೆ ಹಾಕಿದ ಸಹಿಗಳನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಒಂದು ಕಾಫಿಯ ನೆಪದಲ್ಲಿ ನೋಡಿ ಬರಬಹುದು.

ಕೊನೆಯ ಊರು ಕರ್ಸಿ, ಮೂರರಲ್ಲಿ ಚಿಕ್ಕದು, ನಿಜವಾದ ಅರ್ಥದಲ್ಲಿ ಹಳ್ಳಿ ಎನ್ನಬಹುದಾದ್ದು ಇದೊಂದೇ. ಒಂದು ದಿಬ್ಬದಿಂದ ಇಳಿದು ಇನ್ನೊಂದನ್ನು ಏರುವ ಒಂದೇ ಬೀದಿ. ತಗ್ಗಿನಲ್ಲಿ ಹಳ್ಳವೊಂದು ರಸ್ತೆಗೆ ಅಡ್ಡವಾಗಿ, ಸೇತುವೆಯ ಹಂಗಿಲ್ಲದೆ ಹರಿಯುತ್ತದೆ. ನಡೆಯುವವರಿಗೆ ಪಕ್ಕದಲ್ಲಿ ಕಾಲುಸೇತುವೆ ಇದೆ, ವಾಹನಗಳು ನೀರಿನಲ್ಲೇ ದಾಟಬೇಕು, ಬಾತುಕೋಳಿಗಳು ದಾರಿ ಬಿಟ್ಟಾಗ ಮಾತ್ರ. ವ್ಯಾನು ನೀರು ಚಿಮ್ಮಿಸುತ್ತ ದಾಟಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕರ್ಸಿ ಎಂಬ ಒರಟಾದ, ಅಗಲ ಕಡಿಮೆಯ ಉಣ್ಣೆಬಟ್ಟೆಗೂ ಈ ಊರಿಗೂ ನಂಟಿದೆಯೆಂಬುದು ಹಿಂದಿನಿಂದ ಬಂದ ಮಾತು. ಬೀದಿಯ ಎರಡು ಬದಿಯ ಮನೆಗಳು ಲ್ಯಾವೆನಮ್‌ನ ಮನೆಗಳಷ್ಟು ಭರ್ಜರಿಯಾಗಿಲ್ಲ. ಸಣ್ಣ ನೇಕಾರರ ಮನೆಗಳೆಂಬುದು ಅಳತೆಯಲ್ಲೇ ಗೊತ್ತಾಗುತ್ತದೆ. ಬೀದಿಯಲ್ಲಿ ಕೊಳ್ಳುವಂಥದ್ದು ಹೆಚ್ಚೇನೂ ಇಲ್ಲದಿರುವುದು ನನಗೆ ಹಿತವೆನಿಸಿತು.

ದಿಬ್ಬದ ಮೇಲಿನ ಸೇಂಟ್ ಮೇರಿ ಚರ್ಚಿಗೆ ಹತ್ತಿ ಹೋಗುವುದು ಐಚ್ಛಿಕ ಎಂದರು; ಅರ್ಧದಷ್ಟು ಮಂದಿ ಕೆಳಗೇ ಉಳಿದರು. ಹತ್ತಿದವರಿಗೆ ಸಿಕ್ಕದ್ದು ಕೆಳಗಿನ ಬೀದಿಯ ಪೂರ್ಣ ನೋಟ, ಒಳಗೆ ಹಳೆಯ ಮರದ ಪರದೆಯೊಂದರ ಉಳಿದ ಹಲಗೆಗಳ ಮೇಲೆ ಬರೆದ ಪ್ರವಾದಿಗಳು ಮತ್ತು ಅರಸರು. ಅವರಲ್ಲಿ ಬಾಣ ಹಿಡಿದವನು ಸೇಂಟ್ ಎಡ್ಮಂಡ್; 869ರಲ್ಲಿ ಡೆನ್ಮಾರ್ಕಿನ ಕಡೆಯಿಂದ ದಾಳಿಯಿಟ್ಟ ಡೇನರ ಕೈಯಲ್ಲಿ ಹತನಾದ ಈ ಸೀಮೆಯ ಅರಸ. ಚರ್ಚಿನ ಉತ್ತರದ ಪಾರ್ಶ್ವವನ್ನು ವಿಸ್ತರಿಸುವ ಕೆಲಸ 1349ರ ಮಹಾಮಾರಿ ಪ್ಲೇಗಿನಿಂದ ನಿಂತುಹೋಯಿತೆಂದು ಹೇಳುತ್ತಾರೆ. ಇಡೀ ದಿನ ಹಣದ ಕಥೆ ಕೇಳಿದ ಮೇಲೆ ಇಲ್ಲಿ ಕೆಲಸಗಾರರೇ ಇಲ್ಲವಾದ ಕಾಲದ ನೆನಪು ಬರುವುದು ಒಳ್ಳೆಯದೇ.

ಮಾರ್ಗದರ್ಶಿಗಳ ಬಗ್ಗೆ ಒಂದೇ ತಕರಾರು. ವ್ಯಾಪಾರದ ಇತಿಹಾಸವನ್ನು ಅಷ್ಟು ಎಚ್ಚರದಿಂದ ಹೇಳಿದವರು, ಲ್ಯಾವೆನಮ್‌ನ ಕಿತ್ತಳೆ ಬಣ್ಣದ ಸೊಟ್ಟ ಮನೆಯ ಮುಂದೆ ಬಂದಾಗ ಅದರಿಂದಲೇ ಒಂದು ಪ್ರಸಿದ್ಧ ಶಿಶುಗೀತೆ ಹುಟ್ಟಿತೆಂದೂ, ಗುಲಾಬಿ ಗೋಡೆಗಳಿಗೆ ಎತ್ತಿನ ರಕ್ತವನ್ನೇ ಬೆರೆಸುತ್ತಿದ್ದರೆಂದೂ ಯಾವ ‘ಅಂತೆ’ಯೂ ಇಲ್ಲದೆ ಸಾರಿದರು. ಇವು ಜನಪ್ರಿಯ ಐತಿಹ್ಯಗಳು, ಕೇಳಲು ಸೊಗಸಾಗಿವೆ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಿದ್ದರೆ ಉಳಿದ ಮಾತುಗಳ ತೂಕ ಇನ್ನೂ ಹೆಚ್ಚುತ್ತಿತ್ತು.

ಶುಲ್ಕದ ಲೆಕ್ಕ ನೋಡುವವರು ಸ್ವಂತವಾಗಿ ಹೋಗುವ ದಾರಿಯನ್ನೂ ತೂಗಿ ನೋಡಬೇಕು. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಿಂದ ಹೊರಟು ಮಾರ್ಕ್ಸ್ ಟೇಯಲ್ಲಿ ರೈಲು ಬದಲಿಸಿದರೆ ಈ ಊರುಗಳಿಗೆ ಹತ್ತಿರದ ಪಟ್ಟಣವಾದ ಸಡ್ಬರಿ ತಲುಪಬಹುದು. ಲ್ಯಾವೆನಮ್‌ನ ಪ್ರಯಾಣಿಕರ ರೈಲು 1961ರಲ್ಲೇ ನಿಂತುಹೋಗಿದ್ದರಿಂದ ಅಲ್ಲಿಂದ ಮುಂದೆ ಬಸ್ಸನ್ನೇ ನಂಬಬೇಕು. ಲಾಂಗ್ ಮೆಲ್ಫರ್ಡ್ ಮತ್ತು ಲ್ಯಾವೆನಮ್ ಎರಡನ್ನು ಹೀಗೆ ವಾರದ ದಿನಗಳಲ್ಲಿ ನೋಡಿ ಬರುವುದು ಅಗ್ಗವೂ ಹೌದು, ಚರ್ಚಿನಲ್ಲಿ ಮನಸ್ಸು ತಣಿಯುವವರೆಗೆ ಕೂರಲೂಬಹುದು. ಕರ್ಸಿಗೆ ಸ್ವಂತ ವಾಹನವಿಲ್ಲದೆ ಹೋಗಿಬರುವುದು ತ್ರಾಸದ ಕೆಲಸ. ಮೂರನ್ನೂ ಒಂದೇ ದಿನದಲ್ಲಿ, ವಿವರಣೆಯೊಂದಿಗೆ ನೋಡಬೇಕೆನ್ನುವವರಿಗೆ ವ್ಯಾನಿನ ಪ್ರವಾಸವೇ ಸರಿ. ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರು ಕರ್ಸಿಯ ಏರು, ಗಿಲ್ಡ್ ಹಾಲಿನ ಇಳಿಜಾರು ನೆಲ ಮತ್ತು ತಲೆಗೆ ತಗಲುವಷ್ಟು ತಗ್ಗಾದ ಬಾಗಿಲುಗಳನ್ನು ಗಮನದಲ್ಲಿಡಬೇಕು. ಗಾಲಿಕುರ್ಚಿಯಲ್ಲಿ ಬರುವವರು ಏನೇನು ಸಾಧ್ಯವೆಂದು ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಚರ್ಚುಗಳಿಗೆ ಪ್ರವೇಶ ಶುಲ್ಕವಿಲ್ಲ, ಕಾಣಿಕೆ ಪೆಟ್ಟಿಗೆ ಇರುತ್ತದೆ. ಐದು ಶತಮಾನದ ಗಾಜನ್ನೂ ಮರವನ್ನೂ ಊರಿನವರೇ ಕಾಪಾಡಬೇಕಾದ್ದರಿಂದ ಕೆಲವು ಪೌಂಡುಗಳನ್ನು ಹಾಕುವುದು ನ್ಯಾಯ. ಮದುವೆ, ಅಂತ್ಯಕ್ರಿಯೆ, ಭಾನುವಾರ ಬೆಳಗಿನ ಪ್ರಾರ್ಥನೆಗಳ ಹೊತ್ತಿನಲ್ಲಿ ಒಳಗೆ ಸುತ್ತಾಡಲು ಆಗುವುದಿಲ್ಲವಾದ್ದರಿಂದ, ಸಾಧ್ಯವಿದ್ದರೆ ವಾರದ ನಡುವಿನ ದಿನ ಆರಿಸಿಕೊಳ್ಳಿ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವುದರಿಂದ ಕರ್ಸಿ ಸರಿಯಾಗಿ ಕಾಣದೆ ಹೋಗಬಹುದು; ಮೇ, ಜೂನ್, ಸೆಪ್ಟೆಂಬರ್ ತಿಂಗಳುಗಳು ಉತ್ತಮ. ಮಳೆ ಹೆಚ್ಚಾಗಿ ಹಳ್ಳದಲ್ಲಿ ನೀರು ಏರಿದ ದಿನ ವ್ಯಾನು ಅದನ್ನು ದಾಟುವುದಿಲ್ಲ, ಆ ಸಮಯವನ್ನು ಲಾಂಗ್ ಮೆಲ್ಫರ್ಡ್‌ನ ಚರ್ಚಿಗೆ ಸೇರಿಸುತ್ತಾರಂತೆ. ನನ್ನನ್ನು ಕೇಳಿದರೆ, ಅಂಥ ದಿನ ಸಿಕ್ಕವರು ದೂರಬೇಕಾದ ಕಾರಣವಿಲ್ಲ.